‘ಯಾವಾಗಲಾದರೂ ಬಾ’ ಅಂದರೆ ಯಾವತ್ತು ಬರಬೇಕು?

ಎಂಎಸ್ಸಿ ಓದುವಾಗ ನಮ್ಮ ಕ್ಲಾಸಿಗೆ ದೂರದ ದೇಶದಿಂದ ಒಬ್ಬಳು ಹುಡುಗಿ ಬಂದಿದ್ದಳು. ಮೊದಲ ವರ್ಷ ಪೂರ್ತಿ ನಾನು ಅವಳ ಹಿಂದಿನ ಬೆಂಚಿನಲ್ಲಿ ಕೂತೆ. ಬೆಳಿಗ್ಗೆ ಅವಳು ನಗುತ್ತಿದ್ದಳು, ನಾನೂ ನಗುತ್ತಿದ್ದೆ. ನೋಟ್ಸ್ ಕೇಳಿದರೆ ಕೊಡುತ್ತಿದ್ದೆ. ಎರಡು ಮೂರು ಸಲ ‘ಯಾವಾಗಲಾದರೂ ಮನೆಗೆ ಬಾ’ ಅಂತಲೂ ಹೇಳಿದ್ದೆ. ‘ಖಂಡಿತ ಬರ್ತೀನಿ’ ಅಂದಿದ್ದಳು. ಬರಲಿಲ್ಲ. ಅವಳಿಗೆ ನಮ್ಮ ಜೊತೆ ಬೆರೆಯೋ ಮನಸ್ಸಿಲ್ಲ, ಅವಳ ದೇಶದವರ ಜೊತೆಗೇ ಹಾಯಾಗಿದ್ದಾಳೆ ಅಂತ ನಾನು ತೀರ್ಮಾನ ಮಾಡಿಬಿಟ್ಟೆ.

ಕೆಲವು ವರ್ಷ ಆದ ಮೇಲೆ ಪಿಎಚ್‌ಡಿಗೆ ಅಂತ ನಾನೇ ಬೇರೆ ದೇಶಕ್ಕೆ ಹೋದೆ. ಮೊದಲ ತಿಂಗಳಲ್ಲೇ ಅಲ್ಲಿಯ ಸಹಪಾಠಿಯೊಬ್ಬಳು ತುಂಬಾ ಪ್ರೀತಿಯಿಂದ ‘ಯಾವಾಗಲಾದರೂ ಬಾ’ ಅಂದಳು. ಆ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಯಾವತ್ತು ಹೋಗಲಿ? ಮೊದಲೇ ಹೇಳಿ ಹೋಗಬೇಕಾ? ಎಷ್ಟು ಹೊತ್ತು ಕೂರಬಹುದು? ಮಾತಿಗೆ ಕರೆದಿದ್ದೋ, ನಿಜವಾಗಿ ಕರೆದಿದ್ದೋ? ನಾನು ಹೋಗಲಿಲ್ಲ. ಅವಳು ಮತ್ತೆ ಕರೆಯಲಿಲ್ಲ. ನಾನು ಹಿಂದೆ ಅಂದುಕೊಂಡಿದ್ದನ್ನೇ ಅವಳೂ ನನ್ನ ಬಗ್ಗೆ ಅಂದುಕೊಂಡಿರಬೇಕು.

ಎರಡೂ ಕಡೆ ಕೂತು ನೋಡಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಗಿ ಅನ್ನಿಸಿದೆ. ಊರಿನ ವಿದ್ಯಾರ್ಥಿ ಮತ್ತು ಹೊರದೇಶದ ವಿದ್ಯಾರ್ಥಿ ನಡುವೆ ಸ್ನೇಹ ಬೆಳೆಯಬೇಕಾದರೆ ಮೊದಲು ಹೆಜ್ಜೆ ಇಡಬೇಕಾದವರು ಊರಿನವರು. ಅದೂ ದಿನ, ಹೊತ್ತು, ಜಾಗ ಹೇಳಿ ಕರೆಯಬೇಕು. ‘ಎರಡು ಕೈ ಸೇರಿದರೆ ಚಪ್ಪಾಳೆ’ ಅಂತ ಕೆಲವರು ಹೇಳುತ್ತಾರೆ. ಸರಿ. ಆದರೆ ಹೊಸ ಊರಿಗೆ ಬಂದವರ ಕೈಯಲ್ಲಿ ಆಗಲೇ ವೀಸಾ, ಬಾಡಿಗೆ, ಬ್ಯಾಂಕ್ ಖಾತೆ, ಅರ್ಥವಾಗದ ಫಾರಂಗಳು, ಎರಡನೇ ಭಾಷೆಯಲ್ಲಿ ಬರೆಯಬೇಕಾದ ಅಸೈನ್‌ಮೆಂಟು ಎಲ್ಲಾ ಇರುತ್ತವೆ. ಆ ಕೈಯನ್ನೇ ಮೊದಲು ಚಾಚು ಅನ್ನೋದು ನ್ಯಾಯವಾ?

ಇದು ಬೆರಳೆಣಿಕೆಯ ಜನರ ಕಥೆ ಅಲ್ಲ. ಯುನೆಸ್ಕೊ ಲೆಕ್ಕದಲ್ಲಿ 2000ದ ಹೊತ್ತಿಗೆ ಬೇರೆ ದೇಶದಲ್ಲಿ ಓದುತ್ತಿದ್ದವರು ಸುಮಾರು 20 ಲಕ್ಷ. ಈಗ 60 ಲಕ್ಷ ದಾಟಿದ್ದಾರೆ. ಇಷ್ಟು ಜನ ಒಂದೇ ಕ್ಲಾಸಿನಲ್ಲಿ ಅಕ್ಕಪಕ್ಕ ಕೂತರೆ ಸ್ನೇಹ ತಾನಾಗಿ ಹುಟ್ಟುತ್ತೆ ಅಂತ ನಾವು ನಂಬಿದ್ದೇವೆ. ಹುಟ್ಟೋದಿಲ್ಲ. ಅಮೆರಿಕದಲ್ಲಿ ಓದುತ್ತಿದ್ದ 454 ವಿದೇಶಿ ವಿದ್ಯಾರ್ಥಿಗಳ ಸಮೀಕ್ಷೆ ಮಾಡಿ ಸಂಶೋಧಕಿ ಎಲಿಜಬೆತ್ ಗಾರೈಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 38 ಪರ್ಸೆಂಟ್ ಜನ ತಮಗೆ ಒಬ್ಬರೂ ಆಪ್ತ ಅಮೆರಿಕನ್ ಸ್ನೇಹಿತರಿಲ್ಲ ಅಂದಿದ್ದರು. ಓದಲು ಬಂದ ದೇಶದವರಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಒಬ್ಬರೂ ಇಲ್ಲ. ಅದನ್ನು ಓದಿದ ದಿನ ನನಗೆ ನನ್ನ ಮುಂದಿನ ಬೆಂಚಿನ ಹುಡುಗಿಯ ಬೆನ್ನು ನೆನಪಾಯಿತು. ಆ ಬೆನ್ನು ನನಗೆ ಒಂದು ವರ್ಷ ಚೆನ್ನಾಗಿ ಪರಿಚಯ. ಮುಖ ಅಲ್ಲ.

‘ಅವರೇ ಗುಂಪು ಕಟ್ಟಿಕೊಂಡು ಇರುತ್ತಾರೆ’ ಅನ್ನೋ ದೂರನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಾನೂ ಹೇಳಿದವಳೇ. ಮನಶ್ಶಾಸ್ತ್ರಜ್ಞ ಸ್ಟೀಫನ್ ಬೋಕ್ನರ್ ಮತ್ತು ಜೊತೆಗಾರರು 1977ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ. ಹೊರದೇಶದ ವಿದ್ಯಾರ್ಥಿಗೆ ಮೂರು ಬಗೆಯ ಸ್ನೇಹಿತರಿರುತ್ತಾರೆ. ಸ್ವಂತ ದೇಶದವರು, ಆ ಊರಿನವರು, ತನ್ನ ಹಾಗೇ ಬೇರೆ ಬೇರೆ ದೇಶಗಳಿಂದ ಬಂದವರು. ಮೂವರಿಂದಲೂ ಸಿಗೋದು ಬೇರೆ ಬೇರೆ. ಸ್ವಂತ ದೇಶದವರ ಜೊತೆ ಭಾಷೆಗೆ ತಡಕಾಡಬೇಕಾಗಿಲ್ಲ, ಅಳಬಹುದು, ಜಗಳ ಆಡಬಹುದು. ಊರಿನವರ ಹತ್ತಿರ ಹೋಗೋದು ಹೆಚ್ಚಾಗಿ ಓದಿನ ಕೆಲಸಕ್ಕೆ, ಭಾಷೆಗೆ, ಆಫೀಸಿನ ಸಹಾಯಕ್ಕೆ. ಹೊತ್ತು ಕಳೆಯಲು, ಒಟ್ಟಿಗೆ ತಿರುಗಾಡಲು ಇತರ ವಿದೇಶಿ ವಿದ್ಯಾರ್ಥಿಗಳು. ಪರದೇಶದಲ್ಲಿ ಇದ್ದಾಗ ನನಗೆ ಇದು ಅಕ್ಷರಕ್ಕೆ ಅಕ್ಷರ ನಿಜ ಅನ್ನಿಸಿತು. ದಿನವಿಡೀ ಬೇರೆ ಭಾಷೆಯಲ್ಲಿ ಯೋಚಿಸಿ ದಣಿದು ಬಂದವಳಿಗೆ ರಾತ್ರಿ ಹತ್ತು ನಿಮಿಷ ಕನ್ನಡ ಬೇಕಿತ್ತು. ಅದು ಸೋಮಾರಿತನ ಅಲ್ಲ, ಯಾರ ಮೇಲಿನ ಅಸಡ್ಡೆಯೂ ಅಲ್ಲ. ಉಸಿರು ತಗೊಳ್ಳೋ ಜಾಗ ಅದು.

ಗುಂಪಿನ ಮಾತು ಬಂದರೆ, ಎಲ್ಲರಿಗಿಂತ ಬಿಗಿಯಾದ ಗುಂಪು ಊರಿನವರದೇ. ನಮ್ಮದು ನಮಗೆ ಕಾಣೋದಿಲ್ಲ, ಅಷ್ಟೇ. ಶಾಲೆಯಿಂದ ಜೊತೆಗಿದ್ದವರು, ಮನೆ, ನೆಂಟರು, ಪಕ್ಕದ ಬೀದಿಯ ಗೆಳೆಯರು. ನಮ್ಮ ದಿನದಲ್ಲಿ ಖಾಲಿ ಜಾಗವೇ ಇರೋದಿಲ್ಲ. ಹೊಸ ಗೆಳತಿ ಬರದಿದ್ದರೂ ನಮ್ಮ ಬದುಕಿನಲ್ಲಿ ಏನೂ ಕಡಿಮೆ ಆದ ಹಾಗೆ ಅನ್ನಿಸೋದಿಲ್ಲ. ಇದರಲ್ಲಿ ದ್ವೇಷ ಇಲ್ಲ, ಕೆಟ್ಟತನ ಇಲ್ಲ. ಆದರೆ ಬಾಗಿಲು ಮುಚ್ಚಿಕೊಳ್ಳೋಕೆ ಕೆಟ್ಟತನವೇ ಬೇಕು ಅಂತ ಏನಿಲ್ಲ, ಅಲ್ವಾ?

ಒಂದು ದಿನದ ದೃಶ್ಯ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೇಷ್ಟ್ರು ‘ನಾಲ್ಕು ನಾಲ್ಕು ಜನ ಸೇರಿ ಗುಂಪು ಮಾಡಿಕೊಳ್ಳಿ’ ಅಂದರು. ಒಂದು ನಿಮಿಷವೂ ಬೇಕಾಗಲಿಲ್ಲ. ಕಣ್ಣು ಕಣ್ಣು ಸೇರಿದವು, ಕುರ್ಚಿ ಎಳೆದ ಸದ್ದು, ಮುಗೀತು. ಮುಂದಿನ ಬೆಂಚಿನ ಆ ಹುಡುಗಿ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ತಲೆ ಎತ್ತಲಿಲ್ಲ. ಕೊನೆಗೆ ಮೇಷ್ಟ್ರೇ ‘ಯಾರ ಗುಂಪಿನಲ್ಲಿ ಮೂರೇ ಜನ ಇದ್ದೀರಿ?’ ಅಂತ ಕೇಳಿ ಅವಳನ್ನು ಸೇರಿಸಿದರು. ಯಾರೂ ಅವಳನ್ನು ಬೇಡ ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ. ಈಗ ನಾನೇ ಪಾಠ ಮಾಡುತ್ತೇನೆ. ನನ್ನ ಕ್ಲಾಸಿನಲ್ಲಿ ಗುಂಪಿನ ಪಟ್ಟಿ ನಾನೇ ಮಾಡುತ್ತೇನೆ, ಸೆಮಿಸ್ಟರ್ ಪೂರ್ತಿ ಅದೇ ಗುಂಪು. ವಿದ್ಯಾರ್ಥಿಗಳು ಗೊಣಗುತ್ತಾರೆ. ಗೊಣಗಲಿ.

ಸ್ನೇಹಕ್ಕೆ ಬೇಕಾದ್ದು ಹೊತ್ತು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಇದನ್ನು ಅಂದಾಜು ಮಾಡಿದರು. ಹೊಸ ಊರಿಗೆ ಬಂದವರನ್ನೂ ಹೊಸದಾಗಿ ವಿಶ್ವವಿದ್ಯಾಲಯ ಸೇರಿದವರನ್ನೂ ಕೇಳಿ ಲೆಕ್ಕ ಹಾಕಿದಾಗ, ಬರೀ ಪರಿಚಯ ಸಾಧಾರಣ ಸ್ನೇಹ ಆಗಲು ಸುಮಾರು 50 ಗಂಟೆ, ಸ್ನೇಹಿತರು ಅನ್ನಿಸಿಕೊಳ್ಳಲು 90 ಗಂಟೆ, ಆಪ್ತರಾಗಲು 200 ಗಂಟೆಗಿಂತ ಜಾಸ್ತಿ ಒಟ್ಟಿಗೆ ಕಳೆದಿರಬೇಕು ಅಂತ ಸಿಕ್ಕಿತು. ಬರೀ ಕೆಲಸಕ್ಕೆ ಅಂತ ಜೊತೆಗಿದ್ದ ಹೊತ್ತು ಅಷ್ಟಾಗಿ ಲೆಕ್ಕಕ್ಕೆ ಬರೋದಿಲ್ಲವಂತೆ. ಸುಮ್ನೆ ಕೂತದ್ದು, ನಡೆದದ್ದು, ಹರಟಿದ್ದು ಲೆಕ್ಕಕ್ಕೆ ಬರುತ್ತೆ.

ಈಗ ಅನೇಕ ಕಡೆ ನಡೆಯೋ ‘ಸಾಂಸ್ಕೃತಿಕ ದಿನ’ ನೋಡಿ. ವರ್ಷಕ್ಕೆ ಒಂದು ಸಲ, 4 ಗಂಟೆ. ವಿದೇಶಿ ವಿದ್ಯಾರ್ಥಿಗಳು ತಮ್ಮ ಬಟ್ಟೆ ಹಾಕಿಕೊಂಡು ವೇದಿಕೆ ಮೇಲೆ, ಊರಿನವರು ಕೆಳಗೆ. ಚಪ್ಪಾಳೆ, ಫೋಟೋ, ಮರುದಿನ ಮತ್ತೆ ಅದೇ ಬೆಂಚು. ಅದನ್ನು ಮಾಡಬೇಡಿ ಅನ್ನುತ್ತಿಲ್ಲ, ಕುಣಿದವರಿಗೆ ಅದರಲ್ಲಿ ಖುಷಿಯಿದೆ. ಆದರೆ ಹಾಗೆ 200 ಗಂಟೆ ಆಗಬೇಕಾದರೆ 50 ವರ್ಷ ಬೇಕು. ಅದಕ್ಕಿಂತ ಮುಖ್ಯವಾದ ತೊಂದರೆ, ಅಲ್ಲಿ ಒಬ್ಬರು ತೋರಿಸುವವರು, ಇನ್ನೊಬ್ಬರು ನೋಡುವವರು. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1954ರಲ್ಲೇ ಹೇಳಿದ್ದರು: ಬೇರೆ ಬೇರೆ ಗುಂಪಿನವರು ಬರೀ ಭೇಟಿಯಾದರೆ ಸಾಲದು, ಇಬ್ಬರಿಗೂ ಸಮಾನ ಸ್ಥಾನ ಇರಬೇಕು, ಒಂದೇ ಗುರಿ ಇರಬೇಕು, ಒಬ್ಬರ ಸಹಾಯ ಇನ್ನೊಬ್ಬರಿಗೆ ಬೇಕಾಗಬೇಕು, ಮೇಲಿನವರ ಬೆಂಬಲ ಇರಬೇಕು. ವೇದಿಕೆ ಮೇಲೆ ಇದು ಆಗೋದಿಲ್ಲ. ಒಂದೇ ಟೀಮಿನಲ್ಲಿ ಆಟ ಆಡುವಾಗ ಆಗುತ್ತೆ. ಒಟ್ಟಿಗೆ ಪ್ರಾಜೆಕ್ಟ್ ಕೆಟ್ಟಾಗ ಆಗುತ್ತೆ.

ಮನೆ ಎಲ್ಲಿದೆ ಅನ್ನೋದೂ ದೊಡ್ಡ ವಿಷಯ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕುಟುಂಬಸ್ಥ ವಿದ್ಯಾರ್ಥಿಗಳ ವಸತಿಯನ್ನು ನೋಡಿ ಫೆಸ್ಟಿಂಗರ್, ಶಾಖ್ಟರ್, ಬ್ಯಾಕ್ ಅನ್ನೋ ಮೂವರು ಸಂಶೋಧಕರು 1950ರಲ್ಲಿ ಬರೆದರು. ಸ್ನೇಹ ಹೆಚ್ಚಾಗಿ ಪಕ್ಕದ ಬಾಗಿಲಿನವರ ಜೊತೆ ಆಗಿತ್ತು. ಕೆಳಗಿನ ಮನೆಯವರಲ್ಲಿ ಮೆಟ್ಟಿಲ ಹತ್ತಿರ ಇದ್ದವರಿಗೆ ಮಹಡಿಯವರ ಸ್ನೇಹ ಜಾಸ್ತಿ ಇತ್ತು. ದಿನಾ ಎದುರಾಗೋದೇ ಕಾರಣ. ಹಾಗಿರುವಾಗ ವಿದೇಶಿ ವಿದ್ಯಾರ್ಥಿಗಳಿಗೇ ಅಂತ ಬೇರೆ ಹಾಸ್ಟೆಲ್ ಕಟ್ಟಿ, ಆಮೇಲೆ ‘ಅವರು ಬೆರೆಯೋದಿಲ್ಲ’ ಅಂದರೆ ಹೇಗೆ? ಅನುಕೂಲಕ್ಕೆ ಅಂತ ಮಾಡಿದ್ದೇ ಇರಬಹುದು. ಆದರೂ ಆ ಕಟ್ಟಡ ಒಂದು ಗೋಡೆಯೇ.

ಭಾಷೆ ಬಂದರೆ ಎಲ್ಲ ಸರಿಹೋಗುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಪರೀಕ್ಷೆ ಬರೆಯುವಷ್ಟು ಭಾಷೆ ನನಗೆ ಬರುತ್ತಿತ್ತು. ನಗುವಷ್ಟು ಬರುತ್ತಿರಲಿಲ್ಲ. ಐದು ಜನ ಒಟ್ಟಿಗೆ ಮಾತಾಡುವಾಗ, ನಾನು ವಾಕ್ಯ ಜೋಡಿಸಿ ಬಾಯಿ ತೆರೆಯುವಷ್ಟರಲ್ಲಿ ಮಾತು ಎರಡು ವಿಷಯ ದಾಟಿ ಹೋಗಿರುತ್ತಿತ್ತು. ಎಲ್ಲರೂ ನಕ್ಕ ಮೇಲೆ ನಾನು ನಗುತ್ತಿದ್ದೆ. ಆ ಒಂದು ಕ್ಷಣದ ತಡ ಎಷ್ಟು ನೋಯಿಸುತ್ತೆ ಅಂತ ಅನುಭವಿಸಿದವರಿಗೇ ಗೊತ್ತು. ಒಬ್ಬ ಹುಡುಗ ಮಾತ್ರ ನಗು ಮುಗಿದ ಮೇಲೆ ನನ್ನ ಕಡೆ ತಿರುಗಿ, ಸದ್ದಿಲ್ಲದೆ, ‘ಅವರು ಹೇಳಿದ್ದು ಕಳೆದ ವರ್ಷ ನಡೆದ ಒಂದು ವಿಷಯ’ ಅಂತ ಎರಡು ಸಾಲಿನಲ್ಲಿ ಕಥೆ ಹೇಳುತ್ತಿದ್ದ. ಅವನನ್ನು ನಾನು ಯಾವತ್ತೂ ಮರೆಯೋದಿಲ್ಲ. ನೀವು ಊರಿನವರಾದರೆ ಇಷ್ಟು ಮಾಡಿ ಸಾಕು. ಐದು ಜನರ ಮಧ್ಯೆ ಕೂರಿಸೋದಕ್ಕಿಂತ ಒಬ್ಬರೇ ಜೊತೆ ಕೂತು ಮಾತಾಡಿ. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರಿಗೂ ಅರ್ಥ ಆಗೋ ಭಾಷೆಯಲ್ಲಿ ಬರೆಯಿರಿ.

ಇನ್ನೊಂದು ಮಾತು, ಸಮಯದ ಬಗ್ಗೆ. ಮೊದಲ ವಾರ ಎಲ್ಲರೂ ಸ್ವಾಗತ ಮಾಡುತ್ತಾರೆ. ಓರಿಯಂಟೇಶನ್, ಕ್ಯಾಂಪಸ್ ಸುತ್ತಾಟ, ಹೂಗುಚ್ಛ. ಆಗ ಎಲ್ಲವೂ ಹೊಸದು, ಮನಸ್ಸು ಹಗುರ. ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರೆ ಲೂಸ್ಗಾರ್ಡ್ 1955ರಲ್ಲಿ, ಫುಲ್‌ಬ್ರೈಟ್ ಅನ್ನೋ ಅಮೆರಿಕ ಸರ್ಕಾರದ ನೆರವಿನಲ್ಲಿ ಆ ದೇಶಕ್ಕೆ ಹೋಗಿ ಬಂದ ನಾರ್ವೆಯ 200 ವಿದ್ವಾಂಸರ ಬಗ್ಗೆ ಬರೆದಾಗ, ಹೆಚ್ಚು ಕಷ್ಟಪಟ್ಟವರು 6ರಿಂದ 18 ತಿಂಗಳು ಇದ್ದವರು ಅಂತ ಕಂಡುಕೊಂಡರು. ಎಲ್ಲರಿಗೂ ಹಾಗೇ ಆಗುತ್ತೆ ಅಂತ ಇಲ್ಲ. ನನಗೆ ಆಯಿತು. ಎಂಟನೇ ತಿಂಗಳು, ಉದ್ದ ರಜೆ. ಹಾಸ್ಟೆಲಿನ ಒಂದೊಂದೇ ಕಿಟಕಿ ಕತ್ತಲಾಯಿತು. ಮೂರನೇ ದಿನ ನನ್ನ ಧ್ವನಿ ಕೇಳಿ ನನಗೇ ಗಾಬರಿಯಾಯಿತು, ಅಷ್ಟು ಹೊತ್ತು ನಾನು ಮಾತಾಡಿರಲೇ ಇಲ್ಲ. ಮೊದಲ ವಾರದ ಹೂಗುಚ್ಛ ಕೊಟ್ಟವರು ಯಾರಾದರೂ ಆ ವಾರ ಒಂದು ಮೆಸೇಜ್ ಕಳಿಸಿದ್ದರೆ!

‘ಎರಡು ವರ್ಷಕ್ಕೆ ಹೊರಟು ಹೋಗುವವರ ಜೊತೆ ಸ್ನೇಹ ಯಾಕೆ’ ಅನ್ನುವವರಿಗೆ ನನ್ನ ಹತ್ತಿರ ಉದ್ದದ ಉತ್ತರ ಇಲ್ಲ. ಕ್ಲಾಸಿನ ಊರಿನವರೂ ಎರಡು ವರ್ಷಕ್ಕೆ ಚದುರಿ ಹೋಗುತ್ತಾರೆ. ಅವರ ಜೊತೆ ನಾವು ಲೆಕ್ಕ ಹಾಕಿದ್ದೇವಾ?

ಮುಂದಿನ ಬೆಂಚಿನ ಹುಡುಗಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಎರಡನೇ ವರ್ಷ ಲ್ಯಾಬಿನಲ್ಲಿ ನಮ್ಮಿಬ್ಬರನ್ನೂ ಒಂದೇ ಪ್ರಾಜೆಕ್ಟಿಗೆ ಹಾಕಿದರು. ಪ್ರತಿ ಗುರುವಾರ ಮಷೀನ್ ಶುರು ಮಾಡಿದರೆ ಮೂರು ಗಂಟೆ ಕಾಯಬೇಕು. ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ಮೊದಲ ಗುರುವಾರ ಅವಳು ಪುಸ್ತಕ ಓದಿದಳು, ನಾನು ಫೋನ್ ನೋಡಿದೆ. ಎರಡನೇ ಗುರುವಾರ ನಾನು ಅವಳ ಹೆಸರನ್ನು ಸರಿಯಾಗಿ ಹೇಗೆ ಹೇಳೋದು ಅಂತ ಕೇಳಿದೆ. ಒಂದು ವರ್ಷ ಎಲ್ಲರೂ ಅದನ್ನು ಅರ್ಧಕ್ಕೆ ಕತ್ತರಿಸಿ ಕರೆಯುತ್ತಿದ್ದರು. ಅವಳು ನನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪೆನ್ಸಿಲಿನಿಂದ ಮೂರು ತುಂಡು ಮಾಡಿ ಬರೆದಳು. ಮಧ್ಯದ ತುಂಡಿನ ಕೆಳಗೆ ಗೆರೆ ಎಳೆದಳು, ಒತ್ತು ಅಲ್ಲಿ. ನಾಲ್ಕನೇ ಸಲಕ್ಕೆ ನನಗೆ ಬಂತು. ಅವಳು ಪೆನ್ಸಿಲ್ ಕೆಳಗಿಟ್ಟು ‘ಇನ್ನೊಂದು ಸಲ ಹೇಳು’ ಅಂದಳು. ಹೇಳಿದೆ. ತುಂಬಾ ದಿನ ಆಗಿತ್ತು ಅಂದಳು.

ಇವತ್ತಿಗೂ ನಾವು ಮಾತಾಡುತ್ತೇವೆ. ನಮ್ಮಿಬ್ಬರ ಗಡಿಯಾರಕ್ಕೆ ಏಳು ಗಂಟೆ ವ್ಯತ್ಯಾಸ, ಅದಕ್ಕೆ ವಾಯ್ಸ್ ಮೆಸೇಜ್ ಕಳಿಸಿಕೊಳ್ಳುತ್ತೇವೆ. ಕಳೆದ ತಿಂಗಳು ನಾನು ಆ ಮೊದಲ ವರ್ಷದ ಬಗ್ಗೆ ಕ್ಷಮೆ ಕೇಳಿದೆ. ‘ಮನೆಗೆ ಬಾ ಅಂದಿದ್ದೆ, ನೀನು ಬರಲಿಲ್ಲ, ನಾನು ಏನೇನೋ ಅಂದುಕೊಂಡುಬಿಟ್ಟೆ’ ಅಂದೆ. ಅವಳ ಉತ್ತರ ಮರುದಿನ ಬೆಳಿಗ್ಗೆ ಬಂತು.

‘ನೀನು ಹೇಳಿದ ಸಂಜೆಯೇ ನಿಮ್ಮ ಮನೆ ಕಡೆ ಹೋಗೋ ಬಸ್ ಯಾವುದು ಅಂತ ಕೇಳಿ ಬರೆದಿಟ್ಟುಕೊಂಡಿದ್ದೆ. ದಿನ ಹೇಳ್ತೀಯ ಅಂತ ಕಾಯ್ತಿದ್ದೆ.’