ಉಸಿರು, ಯೂರಿಯಾ ಮತ್ತು ಕೋಡುಬಳೆ

ಎಂಟು ವರ್ಷದ ಮಗನಿಗೆ ಹೊಟ್ಟೆನೋವು ಬಂದರೆ ಅಮ್ಮನ ಪ್ರಕಾರ ಅದು ದೃಷ್ಟಿ, ನನ್ನ ಪ್ರಕಾರ ಹೋಂವರ್ಕ್. ಎಂಡೋಸ್ಕೋಪಿ ಮಾಡಿದ ಡಾಕ್ಟರು ಮಾತ್ರ ಹೆಲಿಕೋಬ್ಯಾಕ್ಟರ್ ಪೈಲೋರಿ ಅಂದರು. 14 ದಿನ ಮಾತ್ರೆ ನುಂಗಿದ್ದಾಯಿತು. ಈಗ ಆ ಬ್ಯಾಕ್ಟೀರಿಯಾ ಜಾಗ ಖಾಲಿ ಮಾಡಿದೆಯೋ ಇಲ್ಲವೋ ನೋಡಬೇಕು. ಮತ್ತೆ ಪೈಪ್ ಇಳಿಸ್ತಾರೆ ಅಂತ ಮಗ ಮಂಚದ ಕೆಳಗೆ ಸೇರಿಕೊಂಡ.

ಪೈಪ್ ಬೇಡವಂತೆ. ಮಲ ಕೊಟ್ಟರೂ ಸಾಕು, ಉಸಿರು ಕೊಟ್ಟರೂ ಸಾಕು. ಡಬ್ಬಿ ಹಿಡಿದು ನಿಲ್ಲುವವನು ನಾನೇ ಅಂತ ಗೊತ್ತಿತ್ತು. ಉಸಿರೇ ಇರಲಿ ಅಂದೆ.

ಆ್ಯಂಟಿಬಯೋಟಿಕ್ ನಿಲ್ಲಿಸಿ 4 ವಾರ, ಆಸಿಡ್ ತಗ್ಗಿಸೋ ಮಾತ್ರೆ ನಿಲ್ಲಿಸಿ 2 ವಾರ ಆಗಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಒಳಗೇ ಇದ್ದರೂ ಟೆಸ್ಟಿನಲ್ಲಿ ಸಿಗದೆ ಹೋಗಬಹುದು. ಕ್ಯಾಲೆಂಡರಿಗೆ ಗುರುತು ಹಾಕಿ, ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋದೆ. ಅಮ್ಮನೂ ಬಂದಳು, ಕೈಚೀಲದ ಸಮೇತ.

ಮೊದಲು ಒಂದು ಚೀಲಕ್ಕೆ ಊದಬೇಕು. ಮಗ ಬರ್ತ್‌ಡೇ ಬಲೂನಿನ ಹಾಗೆ ಊದಿ, ಬಾಯಿ ಬಿಟ್ಟು ಪುರ್‍ರ್ ಅನ್ನಿಸಿದ. ಇನ್ನೊಮ್ಮೆ ಊದಿಸಿದ ಮೇಲೆ ಯೂರಿಯಾ ಕರಗಿಸಿದ ನೀರು ಬಂತು.

"ಗದ್ದೆಗೆ ಎರಚೋದನ್ನ ಮಗೂಗೆ ಕುಡಿಸ್ತಾರೇನೋ?" ಅಮ್ಮ ಎದ್ದು ನಿಂತಳು.

ಇದರಲ್ಲಿ ಗುರುತಿಗೆ ಅಂತ ಕಾರ್ಬನ್ 13 ಅನ್ನೋ ಸ್ವಲ್ಪ ಭಾರದ ಕಾರ್ಬನ್ ಇದೆ, ವಿಕಿರಣ ಗಿಕಿರಣ ಏನೂ ಇಲ್ಲ ಅಂದೆ. ಆ ಬ್ಯಾಕ್ಟೀರಿಯಾ ಹೊಟ್ಟೆಯ ಆಸಿಡ್‌ನಲ್ಲಿ ಬದುಕೋದೇ ಯೂರಿಯಾ ಒಡೆದು. ಒಡೆದಾಗ ಅಮೋನಿಯಾ ಜೊತೆ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಅದು ರಕ್ತ ಸೇರಿ ಉಸಿರಲ್ಲಿ ಹೊರಬರುತ್ತದೆ. ಉಸಿರಲ್ಲಿ ಆ ಗುರುತಿನ ಕಾರ್ಬನ್ ಜಾಸ್ತಿ ಸಿಕ್ಕಿದರೆ ಕಳ್ಳ ಒಳಗೇ ಇದ್ದಾನೆ ಅಂತ. ಇಷ್ಟೂ ಕೇಳಿ ಅಮ್ಮ ಹೂಂ ಅಂದಳು. ಆ ಹೂಂ ನನಗೆ ಹಳೇ ಪರಿಚಯ, ಆದರೂ ಎಚ್ಚರ ತಪ್ಪಿದೆ.

ಅರ್ಧ ಗಂಟೆ ಬಿಟ್ಟು ಎರಡನೇ ಚೀಲ. ಅಲ್ಲಿಯವರೆಗೆ ಏನೂ ತಿನ್ನಬಾರದು. ನಾನು ಬಿಲ್ ಕಟ್ಟಿ ಬರುವಷ್ಟರಲ್ಲಿ ಕಟುಂ ಅಂತ ಸದ್ದು. ನರ್ಸಿಗೂ ಕೇಳಿಸಿತು.

"ಒಂದೇ ಒಂದು ಕೋಡುಬಳೆ ಕಣಮ್ಮ. ಬೆಳಗ್ಗಿಂದ ಮಗು ಹೊಟ್ಟೆಗೆ ಹೋಗಿರೋದು ಬರೀ ಗೊಬ್ಬರ!"

1984ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಇದೇ ಬ್ಯಾಕ್ಟೀರಿಯಾವನ್ನು ಬೇಕಂತಲೇ ಕುಡಿದು ಹೊಟ್ಟೆ ಕೆಡಿಸಿಕೊಂಡರು. 2005ರಲ್ಲಿ ರಾಬಿನ್ ವಾರೆನ್ ಜೊತೆ ಅವರಿಗೆ ನೊಬೆಲ್ ಬಂತು. ನಮ್ಮವನು ಕೋಡುಬಳೆ ತಿಂದ. ನಮಗೆ ಬಂದದ್ದು ಮುಂದಿನ ಮಂಗಳವಾರದ ಟೋಕನ್.

ಆಟೋದಲ್ಲಿ ಅಮ್ಮ ಮೆಲ್ಲಗೆ ಕೇಳಿದಳು, "ಚಕ್ಕುಲಿ ಆದ್ರೆ ಪರವಾಗಿಲ್ವಾ?"