ಗೌರವ ಪ್ರತಿ: ಹಂಚಬೇಕೆ, ಮಾರಬೇಕೆ?

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಸ್ವಂತ ಹಣ ಹಾಕಿ ಪುಸ್ತಕ ತರುವವರು ಕಡಿಮೆಯಿಲ್ಲ. ಅಚ್ಚಿನ ಮನೆಯ ಬಿಲ್ಲಿಗೇ ಕಿಸೆ ಖಾಲಿಯಾದ ಮೇಲೆ ಪ್ರಚಾರಕ್ಕೆಂದು ಕೈಯಲ್ಲಿ ಉಳಿಯುವುದು ಪುಸ್ತಕದ ಪ್ರತಿಗಳು ಮಾತ್ರ. ಅವನ್ನು ಗೌರವ ಪ್ರತಿಯೆಂದು ಪುಕ್ಕಟೆ ಹಂಚಿ ಹೆಸರು ಮಾಡಿಕೊಳ್ಳುವುದು ಸರಿಯೆ?

ಪರ: ಹಂಚಿದಷ್ಟೂ ಒಳ್ಳೆಯದು

ಮೊದಲು ಲೆಕ್ಕ ನೋಡೋಣ. 120 ಪುಟದ ಕಥಾಸಂಕಲನ, 500 ಪ್ರತಿ, ಒಂದಕ್ಕೆ 80 ರೂಪಾಯಿ ಬಿದ್ದಿದೆ ಎಂದಿಟ್ಟುಕೊಳ್ಳಿ. ನೂರು ಪ್ರತಿ ಹಂಚಿದರೆ 8,000 ರೂಪಾಯಿ ಹೋಯಿತು. ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಆರಂಭಿಸಿದ ಜ್ಞಾನ ಪೋಸ್ಟ್‌ನಲ್ಲಿ 300 ಗ್ರಾಂವರೆಗಿನ ಪುಸ್ತಕಕ್ಕೆ 20 ರೂಪಾಯಿ, ತೆರಿಗೆ ಬೇರೆ. ಎಲ್ಲ ಸೇರಿ ಹತ್ತು ಸಾವಿರದ ಆಸುಪಾಸು. ಇದೇ ದುಡ್ಡಿನಲ್ಲಿ ದಿನಪತ್ರಿಕೆಗೆ ಜಾಹೀರಾತು ಕೊಡಲು ಹೋದರೆ ಸಿಗುವುದು ಅಂಗೈಯಗಲದ ಜಾಗ. ಅದೂ ಮರುದಿನ ಮಿರ್ಚಿ ಕಟ್ಟಲು ಹೋಗುತ್ತದೆ. ಪುಸ್ತಕವಾದರೋ ಕೈಯಿಂದ ಕೈಗೆ ಹೋಗುತ್ತಿರುತ್ತದೆ.

ಹಂಚುವುದೆಂದರೆ ಬಿಡುಗಡೆಯ ದಿನ ವೇದಿಕೆಯ ಮೇಲಿದ್ದವರಿಗೆಲ್ಲ ಒಂದೊಂದು ತುರುಕುವುದಲ್ಲ. ಯಾರಿಗೆ ಎಂಬುದೇ ಮುಖ್ಯ. ಪತ್ರಿಕೆಗಳಿಗೆ ಎರಡೆರಡು ಪ್ರತಿ ಕಳಿಸಿದರೆ ವಿಮರ್ಶೆ ಬರದಿದ್ದರೂ ಬಂದ ಪುಸ್ತಕಗಳ ಪಟ್ಟಿಯಾದ ‘ಸಾದರ ಸ್ವೀಕಾರ’ದಲ್ಲಿ ಹೆಸರು, ಬೆಲೆ, ದೂರವಾಣಿ ಸಂಖ್ಯೆಯಾದರೂ ಬರಬಹುದು. ಆ ಒಂದು ಸಾಲು ನೋಡಿ ದೂರದ ಊರಿನಿಂದ ಕರೆ ಮಾಡಿ ತರಿಸಿಕೊಳ್ಳುವ ಓದುಗರು ಇಂದಿಗೂ ಇದ್ದಾರೆ. 1950ರಿಂದ ಈ ಭಾಗದ ಮನೆಮನೆಗೆ ದನಿ ಮುಟ್ಟಿಸುತ್ತಿರುವ ಧಾರವಾಡ ಆಕಾಶವಾಣಿಗೆ ಒಂದು ಪ್ರತಿ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಿಗೆ ಒಂದೊಂದು. ಅಲ್ಲಿಗೆ ಬರುವ ಹುಡುಗನೊಬ್ಬ ತನ್ನ ಪಕ್ಕದೂರಿನವರೇ ಬರೆದ ಪುಸ್ತಕ ಕಂಡು ಬೆರಗಾದರೆ ಅದನ್ನು ಊರೆಲ್ಲ ಹೇಳಿಕೊಂಡು ಬರುತ್ತಾನೆ. ಇನ್ನು ಕನ್ನಡ ಮೇಷ್ಟ್ರುಗಳು. ಹಾನಗಲ್ಲಿನಲ್ಲೋ ಮುಂಡರಗಿಯಲ್ಲೋ ಓದುವ ಗೀಳಿರುವ ಒಬ್ಬ ಶಿಕ್ಷಕರಿಗೆ ಕೊಟ್ಟ ಒಂದು ಪ್ರತಿ ಹತ್ತು ಮಂದಿ ಓದುಗರನ್ನು ಎಳೆದು ತರಬಲ್ಲದು.

ಅಂಗಡಿಗೆ ಇಟ್ಟರಾಗದೆ ಎನ್ನುವವರಿದ್ದಾರೆ. ಇಡಿ. ಮಾರಾಟಗಾರರ ಪಾಲು ಬೆಲೆಯ ಮೂರನೆಯ ಒಂದು ಭಾಗ, ಕೆಲವೆಡೆ ಅದಕ್ಕೂ ಹೆಚ್ಚು. ಉಳಿದ ದುಡ್ಡು ಕೇಳಲು ನಾಲ್ಕು ಸಲ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ಹತ್ತಬೇಕು. ಹೆಸರೇ ಕೇಳದ ಲೇಖಕನ ಪುಸ್ತಕವನ್ನು ಕಪಾಟಿನಿಂದ ತೆಗೆದು ನೋಡುವವರಾದರೂ ಯಾರು? ಮೊದಲು ಹೆಸರು ನಾಲ್ಕು ಜನರ ಬಾಯಿಗೆ ಬೀಳಲಿ. ಎರಡನೆಯ ಪುಸ್ತಕ ಮಾರೋಣ. ಮಂಚದ ಕೆಳಗಿನ ಕಟ್ಟುಗಳನ್ನು ಗೆದ್ದಲು ಓದುವುದಕ್ಕಿಂತ ಮನುಷ್ಯರು ಪುಕ್ಕಟೆ ಓದುವುದೇ ಮೇಲು.

ವಿರೋಧ: ಒಂದು ಪ್ರತಿಯನ್ನೂ ಸುಮ್ಮನೆ ಕೊಡಬೇಡಿ

ಪುಕ್ಕಟೆ ಹಂಚಿ ಹೆಸರು ಮಾಡುವ ಉಪಾಯ ಹಾವೇರಿ ಸೀಮೆಯ ಕಾದಂಬರಿಕಾರ ಗಳಗನಾಥರಿಗೆ ಹೊಳೆಯದೆ ಇದ್ದಿರಲಾರದು. ಆದರೂ ಅವರು ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ನೂರು ವರ್ಷದ ಹಿಂದೆ, ಅಕ್ಷರ ಬಲ್ಲವರೇ ವಿರಳವಾಗಿದ್ದ ಹಳ್ಳಿಗಳಲ್ಲಿ, ಕಾಸು ಕೊಟ್ಟು ಕನ್ನಡ ಓದುವ ಜನರನ್ನು ಅವರು ಹೀಗೆ ಒಬ್ಬೊಬ್ಬರಾಗಿ ಕೂಡಿಸಿದರು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ನಿಂತದ್ದೂ ಚಂದಾದಾರರ ಬಲದ ಮೇಲೆ. ಪುಸ್ತಕ ಬರುವ ಮೊದಲೇ ದುಡ್ಡು ಕಟ್ಟಿದವರು ಅದನ್ನು ಕಾಯುತ್ತಾರೆ, ತಡವಾದರೆ ಪತ್ರ ಬರೆದು ಬೈಯುತ್ತಾರೆ. ಗೌರವ ಪ್ರತಿ ತಡವಾಯಿತೆಂದು ಬೈದವರನ್ನು ನೀವು ಕಂಡಿದ್ದೀರಾ?

ಇಲ್ಲಿನ ಬಿಡುಗಡೆ ಸಮಾರಂಭಗಳನ್ನು ನೋಡಿ. ಬಣ್ಣದ ಕಾಗದ ಬಿಚ್ಚಿ, ಪುಸ್ತಕ ಎದೆಗೆ ಹಿಡಿದು ಫೋಟೋ ಆಗುತ್ತದೆ. ಅತಿಥಿಗಳಿಗೆ ಶಾಲಿನ ಜೊತೆ ಒಂದೊಂದು ಪ್ರತಿ. ಸಭೆ ಮುಗಿದ ಮೇಲೆ ಆ ಶಾಲು ಮನೆಗೆ ಹೋಗುತ್ತದೆ, ಪುಸ್ತಕ ಕುರ್ಚಿಯ ಮೇಲೆಯೇ ಉಳಿಯುತ್ತದೆ. ಹೊರಗೆ ಬಾಗಿಲ ಬಳಿಯ ಮಾರಾಟದ ಮೇಜಿನದು ಬೇರೆಯೇ ಕಥೆ. ನಾನು ಆಗಾಗ ಕೂರುವ ಜಾಗ ಅದು, ಹೀಗಾಗಿ ಹೇಳುತ್ತೇನೆ. ಮುಖಬೆಲೆ 130 ಇದ್ದರೆ ಜನ ಪುಸ್ತಕ ತಿರುಗಿಸಿ ನೋಡಿ ಕೆಳಗಿಡುತ್ತಾರೆ. ‘ಇಂದು ಮಾತ್ರ 100’ ಎಂದು ರಟ್ಟಿನ ಮೇಲೆ ದಪ್ಪಗೆ ಬರೆದಿಟ್ಟರೆ ಒಂದೇ ನೋಟಿನಲ್ಲಿ ವ್ಯವಹಾರ ಮುಗಿಯುತ್ತದೆ, ಚಿಲ್ಲರೆಯ ತಂಟೆ ಇಲ್ಲ. ಪಕ್ಕದಲ್ಲಿ ಮೊಬೈಲಿನಿಂದ ದುಡ್ಡು ಹಾಕುವ ಚೌಕಾಕಾರದ ಚೀಟಿ ಅಂಟಿಸಿರಬೇಕು. ಮೇಜು ಉಪ್ಪಿಟ್ಟಿನ ಸಾಲಿಗೆ ಹೋಗುವ ದಾರಿಯಲ್ಲೇ ಇರಬೇಕು. ಲೇಖಕ ವೇದಿಕೆಯಿಂದ ಇಳಿದು ನೇರ ಇಲ್ಲಿಗೇ ಬಂದು, ಕೊಂಡವರ ಹೆಸರು ಕೇಳಿ ಸಹಿ ಹಾಕಬೇಕು. ಇಷ್ಟಕ್ಕೆಲ್ಲ ಆಗುವ ಖರ್ಚು ಒಂದು ರಟ್ಟು, ಒಂದು ದಪ್ಪ ಪೆನ್ನು.

ಇನ್ನೂ ಮೊದಲೇ ಆಗಬೇಕಾದ ಕೆಲಸವೆಂದರೆ ಪ್ರಕಟಣಪೂರ್ವ ರಿಯಾಯಿತಿ. ಮುಖಪುಟ ಸಿದ್ಧವಾದ ದಿನವೇ ಅದನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿ, ಇಂಥ ತಾರೀಖಿನೊಳಗೆ ಕಾಯ್ದಿರಿಸಿದವರಿಗೆ ಇಷ್ಟು ಬೆಲೆ ಎಂದು ಹೇಳಿ. ಎಷ್ಟು ಜನ ದುಡ್ಡು ಹಾಕಿದರೋ ಅದರ ಮೇಲೆ ಇನ್ನೊಂದಿಷ್ಟು ಸೇರಿಸಿ ಅಚ್ಚು ಹಾಕಿಸಿ. ಡಿಜಿಟಲ್ ಮುದ್ರಣ ಬಂದ ಮೇಲೆ 100 ಪ್ರತಿಯನ್ನೂ ಹಾಕಿಸಬಹುದು. ಪ್ರತಿಗೆ ಬೀಳುವ ದರ ಏರುತ್ತದೆ, ಆದರೆ ಮಂಚದ ಕೆಳಗೆ ಕಟ್ಟುಗಳು ಬೀಳುವುದಿಲ್ಲ. 500 ಎಂಬ ಸಂಖ್ಯೆಯೇ ಹಂಚುವ ಚಟಕ್ಕೆ ಮೂಲ. ಗ್ರಂಥಾಲಯ ಇಲಾಖೆ 300 ಪ್ರತಿ ಕೊಳ್ಳುತ್ತದೆ ಎಂಬ ಭರವಸೆಯ ಮೇಲೆ ಅಷ್ಟು ಹಾಕಿಸುವವರಿದ್ದಾರೆ. ಆಯ್ಕೆಯಾದರೆ ಅದೃಷ್ಟ. ಆದರೂ ಹಣ ಯಾವಾಗ ಕೈಸೇರುತ್ತದೆಂದು ಹೇಳಲಾಗದು, ಅದನ್ನು ನಂಬಿ ಸಾಲ ಮಾಡಬಾರದು.

ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಬೇಕೆಂಬ ಮಾತು ಒಪ್ಪಿಗೆ. ಆದರೆ ಲೇಖಕನೇ ಏಕೆ ಕೊಡಬೇಕು? ಆ ಊರಿನಿಂದ ಹೋಗಿ ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟವರು, ಬೆಂಗಳೂರಿನಲ್ಲಿ ನೌಕರಿ ಹಿಡಿದವರು ಇದ್ದಾರೆ. ಅವರ ಹೆಸರಿನಲ್ಲಿ ಹತ್ತು ಪ್ರತಿ ಕೊಡಿಸಿ, ಒಳಪುಟದಲ್ಲಿ ದಾನಿಯ ಹೆಸರು ಬರೆಯಿರಿ. ಗೃಹಪ್ರವೇಶ, ಷಷ್ಟ್ಯಬ್ದಿಗಳಲ್ಲಿ ಸ್ಟೀಲಿನ ಬಟ್ಟಲು ಕೊಡುವವರ ಬಳಿ ಹೋಗಿ, ಅದೇ ದುಡ್ಡಿಗೆ 50 ಪುಸ್ತಕ ಕೊಡುತ್ತೇನೆಂದು ಕೇಳಿ. ಕೇಳಲು ನಾಚಿಕೆಯಾಗುತ್ತದೆ ನಿಜ. ಪುಕ್ಕಟೆ ಕೊಡುವುದರ ಹಿಂದೆ ಅನೇಕ ಸಲ ಇರುವುದು ಔದಾರ್ಯವಲ್ಲ, ಈ ನಾಚಿಕೆ.

ಹಾಗಾದರೆ ಸುಮ್ಮನೆ ಕೊಡುವುದು ಯಾರಿಗೂ ಬೇಡವೆ? 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಸೇರಿ ನಾಲ್ಕು ಗ್ರಂಥಾಲಯಗಳಿಗೆ ಕಳಿಸಲೇಬೇಕು, ಅದು ಕಾನೂನು. ಬರೆಯುತ್ತೇನೆಂದು ತಾವಾಗಿ ಕೇಳಿದ ವಿಮರ್ಶಕರಿಗೆ ಕೊಡಿ. ಪತ್ರಿಕೆಗಳಿಗೂ ಕೊಡಿ, ಎದುರು ಪಕ್ಷದವರ ‘ಸಾದರ ಸ್ವೀಕಾರ’ದ ಮಾತಿಗೆ ನನ್ನ ತಕರಾರಿಲ್ಲ. ಉಳಿದವರೆಲ್ಲ ಗಿರಾಕಿಗಳು. ಪೇಡೆಯ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತು ಕೇಳಿದಷ್ಟು ದುಡ್ಡು ಎಣಿಸಿ ಕೊಡುವವರೇ, ‘ಪುಸ್ತಕ ಬಂತಂತೆ, ನಮಗೆ ಕೊಡಲೇ ಇಲ್ಲವಲ್ಲ’ ಎಂದು ಮುನಿಸಿಕೊಳ್ಳುತ್ತಾರೆ. ಅಂಥವರು ಬೀಗರೇ ಆಗಿದ್ದರೆ ಶೇಕಡಾ 10 ರಿಯಾಯಿತಿ ಕೊಡಬಹುದು.