ರೋಗ ಗುರುತಿಸೋಕೆ ಬೇಕಾಗಿತ್ತು, ಆಮೇಲೆ ಯಾರೂ ಕೇಳಲಿಲ್ಲ

ಒಲೆ ಮೇಲಿಟ್ಟ ಹಾಲು ತಳ ಹಿಡಿದು ಕರಕಲಾಗಿತ್ತು. ಎರಡು ಅಡಿ ದೂರದಲ್ಲಿ ನಾನು ಬೆನ್ನು ಹಾಕಿ ಪಾತ್ರೆ ಒರೆಸುತ್ತಾ ನಿಂತಿದ್ದೆ. ಮಗಳು ಮೂಗು ಮುಚ್ಚಿಕೊಂಡು ಓಡಿಬಂದು "ಅಮ್ಮಾ, ಸೀದು ಹೋಗ್ತಿದೆ!" ಅಂದಾಗಲೇ ನನಗೆ ಗೊತ್ತಾಗಿದ್ದು. ಕೋವಿಡ್ ಜ್ವರ ಬಿಟ್ಟು ಅಷ್ಟೊತ್ತಿಗೆ ಮೂರು ವಾರ. ಎಲ್ಲರ ಲೆಕ್ಕದಲ್ಲಿ ನಾನು ಹುಷಾರಾಗಿದ್ದೆ.

ನೆಗಡಿಯಲ್ಲಿ ಮೂಗು ಕಟ್ಟಿ ವಾಸನೆ ತಿಳಿಯದಿರೋದು ಎಲ್ಲರಿಗೂ ಗೊತ್ತು. ಇದು ಹಾಗಲ್ಲ. ಉಸಿರು ಸರಾಗವಾಗಿ ಆಡ್ತಿತ್ತು, ಒದ್ದೆ ಸೋಪನ್ನು ಮೂಗಿಗೇ ಒತ್ತಿ ಹಿಡಿದರೂ ಏನೂ ಇಲ್ಲ. ಮೂಗಿನೊಳಗೆ ತೀರಾ ಮೇಲ್ಗಡೆ ವಾಸನೆ ಹಿಡಿಯುವ ನರಕೋಶಗಳಿವೆ. ಕೊರೊನಾ ವೈರಸ್ ಮುಖ್ಯವಾಗಿ ದಾಳಿ ಮಾಡೋದು ಅವುಗಳ ಮೇಲಲ್ಲ, ಅವಕ್ಕೆ ಆಸರೆಯಾಗಿ ಸುತ್ತ ಇರುವ ಕೋಶಗಳ ಮೇಲೆ. ಆಸರೆ ಕುಸಿದರೆ ನರಕೋಶಗಳೂ ಕೆಲಸ ನಿಲ್ಲಿಸುತ್ತವೆ. ಅವು ಮತ್ತೆ ಹುಟ್ಟಬಲ್ಲವು, ಅದೇ ಸಮಾಧಾನ. ಹೆಚ್ಚಿನವರಿಗೆ ಕೆಲವೇ ವಾರಗಳಲ್ಲಿ ಸರಿಹೋಗುತ್ತೆ. ಕೆಲವರಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಿಡಿಯುತ್ತೆ.

ನನ್ನ ಸಂಕಟ ಇರೋದು ಇಲ್ಲಿ. 2020ರ ಮೇ 18ರಂದು ಬ್ರಿಟನ್ ವಾಸನೆ ಹೋಗುವುದನ್ನು ಕೋವಿಡ್‌ನ ಅಧಿಕೃತ ಲಕ್ಷಣಗಳಿಗೆ ಸೇರಿಸಿತು. ನನ್ನನ್ನು ನೋಡಿದ ಡಾಕ್ಟರೂ ಮೊದಲು ಕೇಳಿದ ಪ್ರಶ್ನೆ ಅದೇ, "ವಾಸನೆ ಗೊತ್ತಾಗ್ತಿದೆಯಾ?" ರೋಗ ಯಾವುದು ಅಂತ ಖಚಿತವಾದ ಮೇಲೆ ಆ ಪ್ರಶ್ನೆಯನ್ನು ಯಾರೂ ಮತ್ತೆ ಕೇಳಲಿಲ್ಲ. ನಾನೇ ಹೇಳಿದರೆ "ಬರೀ ವಾಸನೆ ತಾನೆ, ಬರುತ್ತೆ ಬಿಡಿ" ಅನ್ನೋ ಉತ್ತರ.

ಬರೀ ವಾಸನೆ ಅಲ್ಲ. ನಾಲಗೆಗೆ ಗೊತ್ತಾಗೋದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ (ಅಣಬೆ, ಟೊಮೆಟೊದಂಥವುಗಳಲ್ಲಿರೋ ರುಚಿ) ಇಷ್ಟೇ. ನಾವು ರುಚಿ ಅನ್ನೋದರ ಬಹುಪಾಲು, ಅಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ. ಅದಿಲ್ಲದ ಊಟ ಹೊಟ್ಟೆ ತುಂಬಿಸುತ್ತೆ, ಅಷ್ಟೇ. ಮೈ ಬೆವರು ನಾರುತ್ತಿದೆಯೋ ಏನೋ ಅಂತ ಜನರ ಹತ್ತಿರ ಕೂರೋಕೂ ಹಿಂಜರಿಕೆ. ಮಗಳ ತಲೆ ಮೂಸಿದರೂ ಗಾಳಿಯೇ.

ಎರಡು ತಿಂಗಳ ಮೇಲೆ ವಾಸನೆ ಬಂತು, ಆದರೆ ತಿರುಚಿಕೊಂಡು ಬಂತು. ಕಾಫಿ, ಈರುಳ್ಳಿ ಎರಡೂ ಸುಟ್ಟ ರಬ್ಬರಿನ ಹಾಗೆ. ಇದಕ್ಕೆ ಪ್ಯಾರೋಸ್ಮಿಯಾ ಅಂತ ಹೆಸರಿದೆ, ನರಗಳು ಚೇತರಿಸಿಕೊಳ್ಳುವಾಗ ಹೀಗಾಗೋದುಂಟು ಅಂತ ಮೊದಲೇ ಯಾರಾದರೂ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಮನೆಯವರೂ ಇವಳದ್ದು ಅತಿಯಾಯ್ತು ಅಂದುಕೊಳ್ಳುತ್ತಿರಲಿಲ್ಲ.

ವಾಸನೆ ಮರಳಿ ಬರಲು ಮೂಗಿಗೆ ಮಾಡಿಸುವ ಒಂದು ಅಭ್ಯಾಸವಿದೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಸಂಶೋಧಕ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಇದರ ಬಗ್ಗೆ ಪ್ರಕಟಿಸಿದರು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು ದಿನಕ್ಕೆರಡು ಸಲ, ಒಂದೊಂದನ್ನೂ ಸ್ವಲ್ಪ ಹೊತ್ತು, ಅದರ ನೆನಪನ್ನು ಮನಸ್ಸಿಗೆ ತಂದುಕೊಂಡು ಮೂಸಬೇಕು. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು. ಎಲ್ಲರಿಗೂ ಫಲ ಸಿಗುತ್ತೆ ಅಂತಿಲ್ಲ. ನನಗೆ ಐದನೇ ತಿಂಗಳಲ್ಲಿ ಲವಂಗ ಲವಂಗದ ಹಾಗೇ ಬಂತು, ಡಬ್ಬಿ ಹಿಡಿದುಕೊಂಡು ಅತ್ತುಬಿಟ್ಟೆ.

ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಅಡುಗೆ ಗ್ಯಾಸಿಗೆ ವಾಸನೆ ಬೆರೆಸಿರೋದೇ ಸೋರಿದ್ದು ಗೊತ್ತಾಗಲಿ ಅಂತ, ಇವರಿಗೆ ಅದೂ ತಿಳಿಯಲ್ಲ. ಒಬ್ಬರೇ ಇರುವವರಾದರೆ ಗ್ಯಾಸ್ ಸೋರಿಕೆಯ ಅಲಾರಂ ಹಾಕಿಸಿಕೊಡಿ. ನಮ್ಮನೆಯಲ್ಲಿ ಹಾಲು ಕೆಟ್ಟಿದೆಯಾ ಅಂತ ಈಗಲೂ ಮಗಳೇ ಮೂಸಿ ಹೇಳ್ತಾಳೆ.